ಎದೆ ಒಡೆದುಕೊಳ್ಳುವವರು ಬೆಳಿಗ್ಗೆ ಹತ್ತಕ್ಕೆ ಬರಬೇಕು

ಹಳ್ಳಿಗಾಡಿನ ಕಂಟ್ರಿ ಸಂಗೀತದ ರಾಜಧಾನಿ ಅನ್ನಿಸಿಕೊಂಡ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಎದೆ ಒಡೆಯುವ ಕೆಲಸ ಬೆಳಿಗ್ಗೆ ಹತ್ತು, ಹತ್ತೂವರೆಗೆ ಶುರುವಾಗುತ್ತದೆ. ಮ್ಯೂಸಿಕ್ ರೋ ಅಂತ ಅಲ್ಲೊಂದು ಬಡಾವಣೆ. ಜಯನಗರದ ಆಡಿಟರ್ ಆಫೀಸುಗಳ ಹಾಗೆ, ಹಳೇ ಮನೆಗಳಲ್ಲೇ ಕಚೇರಿ. ಅಪಾಯಿಂಟ್‌ಮೆಂಟ್ ಪ್ರಕಾರ ಮೂವರು ಹಾಡು ಬರೆಯುವವರು ಬಂದು ಕೂರುತ್ತಾರೆ. ಕಾಫಿ ಆಯಿತು, ಶ್ರುತಿ ಆಯಿತು, ಇವತ್ತು ಯಾರು ಯಾರನ್ನು ಬಿಟ್ಟುಹೋಗಬೇಕು ಅಂತ ತೀರ್ಮಾನ ಆಯಿತು. ಊಟದ ಹೊತ್ತಿಗೆ ಅವಳು ಹೊರಟುಹೋಗಿರುತ್ತಾಳೆ, ಮಳೆ ಹಿಡಿದಿರುತ್ತದೆ, ಪಿಕಪ್ ಟ್ರಕ್ಕಿನ ಪಕ್ಕದ ಸೀಟು ಖಾಲಿ. ಮೂವರಲ್ಲೊಬ್ಬರು ಮಗಳನ್ನು ಸ್ಕೂಲಿನಿಂದ ಕರೆತರಬೇಕಾದ್ದರಿಂದ, ಕೊನೇ ಚರಣದಲ್ಲಿ ಅವಳನ್ನು ವಾಪಸು ಕರೆಸುವ ವಿಚಾರ ಚರ್ಚೆಗೆ ಬರುವುದಿಲ್ಲ.

ಕಂಟ್ರಿ ಸಂಗೀತ ಅಂದರೆ ಗಿಟಾರಿನ ಮೂರು ಕಾರ್ಡು (ಸ್ವರಗುಚ್ಛ) ಮತ್ತು ಸತ್ಯ, ಇಷ್ಟೇ ಎಂದು ಹಾಡು ಬರೆಯುವುದರಲ್ಲಿ ಹಳೇ ಹುಲಿ ಹಾರ್ಲನ್ ಹೋವರ್ಡ್ ಹೇಳಿದ್ದ. ಈಗ ಕಾರ್ಡೂ ಮೂರು, ಬರೆಯುವವರೂ ಮೂವರು. ತಲೆಗೊಂದು ಹಂಚಿಕೊಂಡ ಮೇಲೆ ಸತ್ಯ ಯಾರ ಪಾಲಿಗೆ ಬಂತೋ!

ಅಕ್ಕನ ಮಗಳು ಅಲ್ಲಿ ಆಸ್ಪತ್ರೆಗಳ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹೋದವನನ್ನು ಎರಡು ದಿನ ಸುತ್ತಾಡಿಸಿದಳು. ನನಗಿದ್ದದ್ದು ಒಂದೇ ಕುತೂಹಲ. ಇಷ್ಟೊಂದು ಲವ್ ಫೇಲ್ಯೂರ್ ಹಾಡು ಹೊರಬೀಳುವ ಊರಲ್ಲಿ ನಿಜವಾಗಿ ಎದೆ ಒಡೆದವರು ಯಾರು?

ಸ್ಟುಡಿಯೋದಲ್ಲಂತೂ ಅಲ್ಲ. ಅಲ್ಲಿ ವಾದ್ಯದವರ ಮುಂದೆ ಇಡುವುದು ಕಾರ್ಡಿನ ಹೆಸರಿನ ಬದಲು ಬರೀ ಅಂಕಿಯ ಹಾಳೆ: 1, 4, 5, 1. ನ್ಯಾಶ್‌ವಿಲ್ ನಂಬರ್ ಸಿಸ್ಟಮ್ ಅಂತ ಅದಕ್ಕೆ ಊರಿನ ಹೆಸರೇ ಇದೆ. ಹಾಡುವವನ ಗಂಟಲಿಗೆ ತಕ್ಕಂತೆ ಶ್ರುತಿ ಏರಿಸಲಿ, ಇಳಿಸಲಿ, ಅಂಕಿ ಕದಲುವುದಿಲ್ಲ. ಬಹಳ ಜಾಣ ಏರ್ಪಾಡು, ಸುಮ್ಮನೆ ಹೇಳುತ್ತಿಲ್ಲ. ಯೂನಿಯನ್ ಲೆಕ್ಕದಲ್ಲಿ ಒಂದು ಸೆಷನ್ನಿಗೆ 3 ಗಂಟೆ. ಕೈಚಳಕದವರು ಅಷ್ಟರಲ್ಲಿ ಎರಡು ಮೂರು ಎದೆ ಒಡೆದು, ಕೇಬಲ್ ಸುತ್ತಿಟ್ಟು, ಮುಂದಿನ ಸ್ಟುಡಿಯೋಗೆ ನಡೆಯುತ್ತಾರೆ.

ಅಳುವ ಇಲಾಖೆ ಪೆಡಲ್ ಸ್ಟೀಲ್ ಗಿಟಾರಿನದು. ಮೇಜಿನಂಥ ವಾದ್ಯ, ಎಡಗೈಲಿ ಉಕ್ಕಿನ ತುಂಡು, ಬಲಗೈಲಿ ಮೀಟು, ಪಾದದಡಿ ಪೆಡಲು, ಮೊಣಕಾಲಿಗೆ ಲಿವರು. ಇಡೀ ಮೈ ದುಡಿದರೆ ಒಂದು ಬಿಕ್ಕು. ಬ್ರಾಡ್‌ವೇ ಬೀದಿಯ ಬಾರೊಂದರಲ್ಲಿ ಹತ್ತಿರದಿಂದಲೇ ನೋಡಿದೆ. ಪುಣ್ಯಾತ್ಮ ಮೊಣಕಾಲಲ್ಲಿ ಬಿಕ್ಕುತ್ತಾ, ಕಣ್ಣಲ್ಲಿ ಗೋಡೆಯ ಟಿವಿಯ ಐಸ್‌ಹಾಕಿ ಪಂದ್ಯ ನೋಡುತ್ತಿದ್ದ. ಅವರ ಕಡೆಯವರು ಗೋಲು ಹೊಡೆದಾಗ ಬಿಕ್ಕು ಒಂದು ಗುಲಗಂಜಿ ಜಾಸ್ತಿಯೇ ಬಂತು.

ಹಾಡಿದವನದೋ? ಅವನು ಬಿಡುಗಡೆ ಮಾಡುವ ಒಂಟಿ ಹಾಡಿಗೆ ‘ಸಿಂಗಲ್’ ಅನ್ನುತ್ತಾರೆ. ಅದರಲ್ಲಿ ಸಿಂಗಲ್ ಅಂತ ಇರುವುದು ಅದೊಂದೇ. ಬರೆದವರು ಮೂವರು, ನುಡಿಸಿದವರು ಆರು, ವಕೀಲರು ಎಷ್ಟೋ. ಹಾಡುವವಳು ಹೆಂಗಸಾದರೆ ಇನ್ನೊಂದು ಪೀಕಲಾಟ. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ ಸ್ಟೇಷನ್ನುಗಳಿಗೆ ಪಾಠ ಹೇಳಿದ: ಕಂಟ್ರಿ ರೇಡಿಯೊ ಒಂದು ಸಲಾಡ್, ಗಂಡಸರು ಅದರ ಸೊಪ್ಪು, ಹೆಂಗಸರು ಮಧ್ಯೆ ಮಧ್ಯೆ ಟೊಮೆಟೊ. ರೇಟಿಂಗ್ ಬೇಕಿದ್ದರೆ ಟೊಮೆಟೊ ಕಮ್ಮಿ ಮಾಡಿ. ಅಂದರೆ ಕೈಕೊಟ್ಟವಳು ಹಾಡಿನ ಒಳಗೆ ದಿನವಿಡೀ ಇರಬಹುದು, ಮೈಕಿನ ಮುಂದೆ ಮಾತ್ರ ಬರಬಾರದು. ಟೊಮೆಟೊ ಇಲ್ಲದೆ ಆ ಮಹಾನುಭಾವ ಒಂದು ದಿನ ಸಾರು ಮಾಡಿ ತೋರಿಸಲಿ.

ಇನ್ನು ಬ್ರಾಡ್‌ವೇ. ಆಲನ್ ಜಾಕ್ಸನ್, ಲ್ಯೂಕ್ ಬ್ರಯನ್, ಜೇಸನ್ ಆಲ್ಡೀನ್, ಈ ಗಾಯಕರೆಲ್ಲರ ಹೆಸರಿನಲ್ಲೂ ಬಾರು. ಅವಳನ್ನು ಮರೆಯಲು ಕುಡಿಯುತ್ತಿದ್ದೇನೆ ಅಂತ ಮೇಲೆ ಹಾಡು, ಕೆಳಗೆ ಕೌಂಟರು. ಕಾಯಿಲೆಯೂ ಅವರದೇ, ಮೆಡಿಕಲ್ ಶಾಪೂ ಅವರದೇ.

ಗಿರಾಕಿಗಳು ಯಾರು ಅಂದಿರಾ? ಮದುಮಗಳಂದಿರು! ಮದುವೆಗೆ ಮುಂಚೆ ಗೆಳತಿಯರ ಜತೆ ಕುಣಿದು ಕುಪ್ಪಳಿಸಲು ಅಮೆರಿಕದ ಮೂಲೆಮೂಲೆಯ ಹುಡುಗಿಯರು ಆರಿಸಿಕೊಂಡಿರುವ ಊರು ಇದು. ತಲೆಗೆ ಬಿಳೀ ಪರದೆ, ಕಾಲಿಗೆ ಬೂಟು. ತೆರೆದ ಗಾಡಿಯ ಎರಡೂ ಬದಿ ಕೂತು, ಬಿಯರ್ ಹಿಡಿದು, ಪೆಡಲ್ ತುಳಿಯುತ್ತಾ ಬರುತ್ತಾರೆ. ಒಳಗಿನವನು ಪೆಡಲ್ ಒತ್ತಿ ಅಳುತ್ತಾನೆ, ಹೊರಗಿನವರು ಪೆಡಲ್ ತುಳಿದು ನಗುತ್ತಾರೆ. ಸೋಬಾನೆ ಹೇಳಬೇಕಾದ ಹೊತ್ತಿನಲ್ಲಿ ಸೋಡಾಚೀಟಿಯ ಹಾಡು! ಯಾರದೋ ದುಃಖ, ಎಲ್ಲಮ್ಮನ ಜಾತ್ರೆ.

“ಮಾವ, ನೀವು ತೀರಾ ಸೀರಿಯಸ್ಸಾಗಿ ತಗೊಳ್ತೀರಿ. ಇದು ಬರೀ ಎಂಜಾಯ್‌ಮೆಂಟು,” ಅಂದಳು ಅಕ್ಕನ ಮಗಳು. ಅದೇ ಅಲ್ಲವೇನೇ ನನ್ನ ತಕರಾರು?

ನಿಜವಾದವರು ಇರಲಿಲ್ಲ ಅಂತಲ್ಲ. ಗಾಯಕ ಹ್ಯಾಂಕ್ ವಿಲಿಯಮ್ಸ್ 1953ರ ಹೊಸವರ್ಷದ ದಿನ, ಸಂಗೀತ ಕಚೇರಿಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡ. 29 ವರ್ಷ. ಹೆಂಡತಿ ಕಾರಿನ ಕೀಲಿ ಬಚ್ಚಿಟ್ಟರೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಓಡಿಸಿಕೊಂಡು ಹೆಂಡದಂಗಡಿಗೆ ಹೋದವನು ಇನ್ನೊಬ್ಬ ಗಾಯಕ ಜಾರ್ಜ್ ಜೋನ್ಸ್. ಸಾಯುವ ತನಕ ಒಬ್ಬಳನ್ನೇ ಪ್ರೀತಿಸಿದವನ ಹಾಡು 1980ರಲ್ಲಿ ಅವನ ಕೈಗೆ ಬಂದಾಗ, ಈ ಹೆಣದ ಹಾಡನ್ನು ಯಾರು ಕೊಳ್ಳುತ್ತಾರೆ ಎಂದು ಮೂಗು ಮುರಿದಿದ್ದ. ಕೊಂಡರು. ಎರಡು ವರ್ಷ ಸಾಲಾಗಿ ಅದಕ್ಕೇ ವರ್ಷದ ಹಾಡಿನ ಪ್ರಶಸ್ತಿ. ಆ ದಿನ ಊರಿಗೆ ಅರ್ಥವಾದದ್ದು ದುಃಖವಲ್ಲ, ದರ.

ಈಗಿನ ರಾದ್ಧಾಂತ ಬೇರೆ. 2024ರಲ್ಲಿ ಟೆನ್ನೆಸ್ಸೀ ರಾಜ್ಯ ಯಂತ್ರಗಳು ಗಾಯಕರ ದನಿ ಕದಿಯಬಾರದು ಎಂದು ಕಾನೂನು ತಂದು, ಎಲ್ವಿಸ್ ಕಾಯ್ದೆ ಎಂದು ಹೆಸರಿಟ್ಟಿತು. ಮರುವರ್ಷದ ನವೆಂಬರಿನಲ್ಲಿ, ಬ್ರೇಕಿಂಗ್ ರಸ್ಟ್ ಎಂಬ ಎಐ ಗಾಯಕನ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಡಿಜಿಟಲ್ ಮಾರಾಟ ಪಟ್ಟಿಯ ತುದಿಗೇರಿ ಕೂತಿತು. ಎದೆಯೇ ಇಲ್ಲದ್ದು ಹಾಡುವುದು ಹೇಗೆ ಅಂತ ಹುಯಿಲೋ ಹುಯಿಲು. ಇಷ್ಟು ವರ್ಷ 1, 4, 5 ಅಂತ ಹಾಳೆ ಹಂಚಿದವರು, ಲೆಕ್ಕದ ಯಂತ್ರಕ್ಕೆ ಲೆಕ್ಕ ಬಂದುಬಿಟ್ಟಿತಲ್ಲ ಎಂದು ಬೆಚ್ಚಿಬಿದ್ದಿದ್ದಾರೆ. ದನಿ ಕದಿಯುವುದಕ್ಕೆ ಕಾಯ್ದೆ ಆಯಿತು. ಗೋಳು ಕದಿಯುವುದಕ್ಕೂ ಒಂದು ತಂದಿದ್ದರೆ ಮ್ಯೂಸಿಕ್ ರೋಗೆ ಬೀಗ ಬೀಳುತ್ತಿತ್ತು.

ಕೊನೆಗೂ ಒಬ್ಬಳು ಸಿಕ್ಕಳು. ರಾತ್ರಿ ಹನ್ನೊಂದಕ್ಕೆ ಬಾರಿನಿಂದ ಹೊರಬಂದರೆ, ಫುಟ್‌ಪಾತಿನ ಅಂಚಿನಲ್ಲಿ ಗುಲಾಬಿ ಟೋಪಿಯ ಹುಡುಗಿ. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಫೋನಿನಲ್ಲಿ ಯಾರಿಗೋ “ಪ್ಲೀಸ್, ಪ್ಲೀಸ್” ಎನ್ನುತ್ತಾ ಅಳುತ್ತಿದ್ದಳು. ಶ್ರುತಿ ಇಲ್ಲ, ತಾಳ ಇಲ್ಲ, ಮೂಗು ಸೋರುತ್ತಿತ್ತು. ಒಳಗೆ ಮೂರು ಅಂತಸ್ತಿನಲ್ಲೂ ಅವಳ ಮೇಲೆಯೇ ಹಾಡು ನಡೆಯುತ್ತಿತ್ತು. ಬಾಗಿಲ ಕಾವಲಿನ ದೈತ್ಯ ಬಂದು, ಬಹಳ ಮರ್ಯಾದೆಯಿಂದಲೇ ಹೇಳಿದ:

“ಸ್ವಲ್ಪ ಆ ಕಡೆ ಹೋಗಿ ಅಳ್ತೀರಾ ಮೇಡಂ? ಕ್ಯೂಗೆ ಅಡ್ಡ ಆಗ್ತಿದೆ.”