ಸುಂಟರಗಾಳಿಯ ಅಪಾಯ ನೋಡಿ ನೆಲೆ ಆರಿಸಬೇಕೇ?

ಪರ

ಸುಂಟರಗಾಳಿ ಎಲ್ಲಿ ಬೇಕಾದರೂ ಏಳಬಹುದು ಎಂಬುದು ನಿಜವಾದರೂ, ಅದನ್ನೇ ಹಿಡಿದು ಎಲ್ಲ ಊರುಗಳ ಅಪಾಯವೂ ಒಂದೇ ಎಂದು ವಾದಿಸುವುದು ಸರಿಯಲ್ಲ. ಅತಿ ಹೆಚ್ಚು ಸುಂಟರಗಾಳಿಗಳನ್ನು ಕಾಣುವ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ದಾಖಲಾಗುತ್ತವೆ, ಆದರೆ ಅವು ದೇಶದ ತುಂಬ ಸಮನಾಗಿ ಹಂಚಿಹೋಗಿಲ್ಲ. ಮೆಕ್ಸಿಕೊ ಕೊಲ್ಲಿಯಿಂದ ಬರುವ ಬೆಚ್ಚನೆಯ ತೇವದ ಗಾಳಿಯ ಮೇಲೆ ಪಶ್ಚಿಮದ ಎತ್ತರದ ಪ್ರದೇಶಗಳ ಒಣಗಾಳಿ ಹರಡಿ, ಅದಕ್ಕೂ ಮೇಲೆ ಜೆಟ್ ಪ್ರವಾಹ (ಬಹು ಎತ್ತರದಲ್ಲಿ ಹರಿಯುವ ವೇಗದ ಗಾಳಿಯ ಪಟ್ಟಿ) ಬಿರುಸಾಗಿ ಸಾಗುತ್ತಿರುವಾಗ, ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗಿ ಗುಡುಗುಮೋಡವೇ ಸುತ್ತತೊಡಗುತ್ತದೆ. ಟೆಕ್ಸಾಸ್, ಒಕ್ಲಹೋಮ, ಕ್ಯಾನ್ಸಸ್‌ಗಳ ಬಯಲಿನಲ್ಲಿ ಪ್ರತಿ ವಸಂತದಲ್ಲೂ ಈ ಸನ್ನಿವೇಶ ಒದಗುತ್ತದೆ. ರಾಕಿ ಪರ್ವತಗಳ ಆಚೆಗೆ ಅದು ಅಪರೂಪ.

ಒಕ್ಲಹೋಮದ ಮೂರ್ ನಗರವನ್ನೇ ನೋಡಬಹುದು. 1999ರ ಮೇ 3ರಂದು ಅದನ್ನು ಹಾದುಹೋದ ಸುಂಟರಗಾಳಿಯಲ್ಲಿ ರಡಾರ್ ಅಳೆದ ವೇಗ ಗಂಟೆಗೆ 480 ಕಿ.ಮೀ. ಮೀರಿತ್ತು. 2003ರಲ್ಲೂ 2010ರಲ್ಲೂ ಮತ್ತೆ ಹೊಡೆತ ಬಿತ್ತು. 2013ರ ಮೇ 20ರಂದು 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ತಮ್ಮ ಶಾಲೆಯಲ್ಲೇ ಪ್ರಾಣ ಬಿಟ್ಟರು. ಇಷ್ಟಾದರೂ 2000ದಲ್ಲಿ ಸುಮಾರು 41,000 ಇದ್ದ ಅಲ್ಲಿನ ಜನಸಂಖ್ಯೆ 2020ರ ಹೊತ್ತಿಗೆ 62,000 ದಾಟಿತು. ಬಯಲಿನಲ್ಲಿ ಬಡಾವಣೆ ಬೆಳೆದಷ್ಟೂ ಗಾಳಿಯ ದಾರಿಗೆ ಸಿಕ್ಕುವ ಮನೆಗಳು ಹೆಚ್ಚುತ್ತವೆ. ಮನೆ ಕೊಳ್ಳುವವರು ಶಾಲೆ, ಉದ್ಯೋಗ, ಬೆಲೆಗಳನ್ನು ವಿಚಾರಿಸುವಂತೆ ಈ ಅಪಾಯವನ್ನೂ ವಿಚಾರಿಸಬೇಕು. ಬಡಾವಣೆಗೆ ಒಪ್ಪಿಗೆ ಕೊಡುವ ಆಡಳಿತವಂತೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಹಿ ಹಾಕಕೂಡದು.

ವಿರೋಧ

ಮೂರ್ ನಗರದ ಇತಿಹಾಸ ಯಾರನ್ನಾದರೂ ಕಲಕುತ್ತದೆ. ಆದರೆ ಊರು ಬಿಡುವುದೇ ಅದಕ್ಕೆ ಉತ್ತರ ಎನ್ನುವವರು ಸುಂಟರಗಾಳಿಯ ಅಳತೆಯನ್ನು ಮರೆಯುತ್ತಾರೆ. ಚಂಡಮಾರುತದಂತೆ ಅದು ಇಡೀ ಕರಾವಳಿಯನ್ನು ಆವರಿಸುವುದಿಲ್ಲ. ಅದರ ಪಥ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಷ್ಟೇ ಅಗಲ. ಒಂದು ಬೀದಿ ನೆಲಸಮವಾದಾಗ ಪಕ್ಕದ ಬೀದಿಯ ಹೆಂಚುಗಳೂ ಅಲುಗದೆ ಉಳಿದಿರಬಹುದು. ಹೆಚ್ಚು ಸುಂಟರಗಾಳಿ ಏಳುವ ಪ್ರದೇಶದಲ್ಲೂ ನಿರ್ದಿಷ್ಟವಾದ ಒಂದು ಮನೆ ಪ್ರಬಲ ಸುಂಟರಗಾಳಿಗೆ ಸಿಕ್ಕುವ ಸಂಭವ ತೀರ ಕಡಿಮೆ. ಇಷ್ಟು ಚಿಕ್ಕ ಸಂಭವಕ್ಕಾಗಿ ಹೊಲ, ಉದ್ಯೋಗ, ಬಂಧುಬಳಗ ಬಿಟ್ಟು ಹೊರಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದೇ ನನ್ನ ನಂಬಿಕೆ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸುಂಟರಗಾಳಿ ಹೆಚ್ಚಿರುವ ಕಡೆಯೇ ಸಾವೂ ಹೆಚ್ಚು ಎಂಬ ನಿಯಮವಿಲ್ಲ. ಕ್ಯಾನ್ಸಸ್‌ನ ಬಯಲಿನಲ್ಲಿ ಗಾಳಿಯ ಕಂಬ ಬಹುದೂರದಿಂದ ಕಾಣುತ್ತದೆ, ಅನೇಕ ಮನೆಗಳಿಗೆ ನೆಲಮಾಳಿಗೆ ಇದೆ. ಆಗ್ನೇಯದ ಅಲಬಾಮ, ಮಿಸಿಸಿಪ್ಪಿ, ಟೆನ್ನೆಸಿಗಳಲ್ಲಿ ಗುಡ್ಡ, ಕಾಡು, ಜಡಿಮಳೆಗಳು ಅದನ್ನು ಮರೆಮಾಡುತ್ತವೆ. ಅಲ್ಲಿ ಸುಂಟರಗಾಳಿ ರಾತ್ರಿಯಲ್ಲಿ ಬರುವುದೂ ಹೆಚ್ಚು, ನೆಲಮಾಳಿಗೆಗಳು ಕಡಿಮೆ. 2011ರ ಏಪ್ರಿಲ್ 27ರಂದು ಅಲಬಾಮ ಒಂದರಲ್ಲೇ 200ಕ್ಕೂ ಹೆಚ್ಚು ಜನ ಸತ್ತರು. ಬಾಂಗ್ಲಾದೇಶದಲ್ಲಿ ಸುಂಟರಗಾಳಿಗಳ ಸಂಖ್ಯೆ ಅಮೆರಿಕದ ಹತ್ತಿರಕ್ಕೂ ಬರುವುದಿಲ್ಲ; ಆದರೂ 1989ರ ಏಪ್ರಿಲ್ 26ರಂದು ದೌಲತ್‌ಪುರ ಮತ್ತು ಸಾಟುರಿಯಾ ಪ್ರದೇಶದಲ್ಲಿ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರೆಂಬ ಅಂದಾಜಿದೆ. ದಟ್ಟ ವಸತಿ ಮತ್ತು ಗಾಳಿಗೆ ನಿಲ್ಲದ ಮನೆಗಳು ಅಲ್ಲಿ ಸಾವನ್ನು ಹೆಚ್ಚಿಸಿದವು.

ಅಮೆರಿಕದಲ್ಲಿ ಸುಂಟರಗಾಳಿಗೆ ಸಾಯುವವರಲ್ಲಿ ದೊಡ್ಡ ಪಾಲು ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿ ನಿವೇಶನಕ್ಕೆ ಸಾಗಿಸಿದ ಮನೆಗಳಲ್ಲಿ, ವಾಸಿಸುವವರದು. ಇಂಥ ಮನೆಯನ್ನು ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸಿ, ಲೋಹದ ಪಟ್ಟಿಗಳಿಂದ ನೆಲದ ಆಣಿಗಳಿಗೆ ಬಿಗಿದಿರುತ್ತಾರೆ. ಪಟ್ಟಿ ತುಕ್ಕು ಹಿಡಿದಿದ್ದರೆ ಅಥವಾ ಆಣಿ ಸಡಿಲವಾಗಿದ್ದರೆ, ಗಟ್ಟಿ ಮನೆಯ ಹೆಂಚನ್ನಷ್ಟೇ ಕೀಳುವ ಗಾಳಿ ಇದನ್ನು ಇಡಿಯಾಗಿ ಮಗುಚಿಬಿಡುತ್ತದೆ. ಇಲ್ಲಿ ವಾಸಿಸುವವರಲ್ಲಿ ಬಹಳಷ್ಟು ಜನ ಕಡಿಮೆ ಆದಾಯದವರು. ಬೇರೆ ನೆಲೆ ಆರಿಸಿಕೊಳ್ಳಿ ಎಂಬ ಸಲಹೆ ಅವರ ಮಟ್ಟಿಗೆ ಅರ್ಥವಿಲ್ಲದ್ದು.

ಮೂರ್ ನಗರವು 2014ರಲ್ಲಿ ಕಟ್ಟಡ ನಿಯಮವನ್ನೇ ಬದಲಿಸಿ, ಹೊಸ ಮನೆಗಳು ಗಂಟೆಗೆ ಸುಮಾರು 217 ಕಿ.ಮೀ. ವೇಗದ ಗಾಳಿಯನ್ನು ತಾಳಬೇಕೆಂದು ವಿಧಿಸಿತು. ಗ್ಯಾರೇಜಿನ ಅಗಲವಾದ ಬಾಗಿಲು ಒಳಕ್ಕೆ ಕುಸಿದರೆ ಅಲ್ಲಿಂದ ನುಗ್ಗಿದ ಗಾಳಿ ಚಾವಣಿಯನ್ನು ಎತ್ತುತ್ತದೆ. ಹೀಗಾಗಿ ಬಾಗಿಲು ಗಟ್ಟಿಯಾಗಿರಬೇಕು, ಚಾವಣಿಯನ್ನು ಗೋಡೆಗೆ ಲೋಹದ ಕ್ಲಿಪ್‌ಗಳಿಂದ ಬಿಗಿಯಬೇಕು ಎಂಬುದು ನಿಯಮ. ಅತಿ ಪ್ರಬಲ ಸುಂಟರಗಾಳಿಯನ್ನು ಇದು ತಡೆಯದು, ಆದರೆ ಬಹುಪಾಲು ಸುಂಟರಗಾಳಿಗಳು ಅಷ್ಟು ಪ್ರಬಲವಲ್ಲ. ನೆಲಸಮವಾಗಿದ್ದ ಶಾಲೆಗಳನ್ನು ಸುರಕ್ಷಾ ಕೊಠಡಿಗಳ ಸಮೇತ ಮತ್ತೆ ಕಟ್ಟಲಾಯಿತು. ಮಿನ್ನೆಸೋಟದಲ್ಲಿ 1988ರಿಂದೀಚೆಗೆ ಪರವಾನಗಿ ಪಡೆದ, ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮನೆಗಳಿರುವ ಮೊಬೈಲ್ ಹೋಮ್ ಪಾರ್ಕ್‌ಗಳು ನಿವಾಸಿಗಳಿಗೆ ಆಶ್ರಯ ಕಟ್ಟಡ ಒದಗಿಸಬೇಕೆಂಬ ಕಾನೂನಿದೆ. ರಾತ್ರಿಯ ಸುಂಟರಗಾಳಿಗಳು ಹೆಚ್ಚಿರುವ ಆಗ್ನೇಯದ ರಾಜ್ಯಗಳಲ್ಲಿ, ಹಳೆಯ ಪಾರ್ಕ್‌ಗಳನ್ನೂ ಬಿಡದೆ, ಇಂಥ ಆಶ್ರಯಗಳನ್ನು ಮೊದಲು ಕಟ್ಟಿಸಬೇಕು.