ಲಾಸ್ಟ್ ಬಸ್ಸಿನ ಕಾಂಬಿನೇಷನ್

1999ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಎರಡು ವಿಷಯ ಇತ್ಯರ್ಥವಾಗದೆ ಉಳಿದಿದ್ದವು. ಒಂದು, ಎರಡು ಸಲ ಇಂಜೆಕ್ಷನ್ ಕೊಡಿಸಿದರೂ ಗೌರಿ ಗಬ್ಬ ನಿಂತಿರಲಿಲ್ಲ. ಇನ್ನೊಂದು, ನಾನು. ಗೌರಿ ನಮ್ಮನೆಯ ಜರ್ಸಿ ಮಿಶ್ರತಳಿ ಹಸು. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ಇಬ್ಬರಲ್ಲಿ ಯಾರ ಚಿಂತೆ ಜಾಸ್ತಿ ಇತ್ತು ಅಂತ ಇವತ್ತು ಕೇಳಿದರೂ ಅಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿ ಉತ್ತರ ಕೊಟ್ಟವಳಲ್ಲ.

625ಕ್ಕೆ 498 ಬಂದಿತ್ತು. ಇನ್ನೆರಡು ಬಂದಿದ್ದರೆ ಸರಿಯಾಗಿ ಶೇ. 80. ಆ ಎರಡು ಅಂಕಕ್ಕಾಗಿ ನಮ್ಮ ನೆಂಟರು ಪಟ್ಟ ದುಃಖವನ್ನು ನೋಡಿದರೆ ಯಾರಾದರೂ ತೀರಿಕೊಂಡಿದ್ದಾರೆ ಅಂದುಕೊಳ್ಳಬೇಕು. ಬಂದವರೆಲ್ಲ ಕಾಫಿ ಕುಡಿದು, "ಎರಡೇ ಎರಡು ಮಾರಾಯ" ಎಂದು ನಿಟ್ಟುಸಿರು ಬಿಟ್ಟು, ನನ್ನ ಬೆನ್ನು ತಟ್ಟಿ ಹೋಗುತ್ತಿದ್ದರು. ಕನ್ನಡದಲ್ಲಿ 125ಕ್ಕೆ 117 ಬಂದದ್ದನ್ನು ಯಾರೂ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ಬಂದ 61 ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಾಲೇಜು ಅಂದರೆ ಪಿಯುಸಿ. ಹತ್ತನೇ ಕ್ಲಾಸಿನವರೆಗೆ ಚಡ್ಡಿ, ಆಮೇಲೆ ಪ್ಯಾಂಟು. ಹತ್ತನೇ ಕ್ಲಾಸಿನವರೆಗೆ ನಡಿಗೆ, ಆಮೇಲೆ ಬಸ್ಸು. ನಡುವಿನ ಆ ಎರಡು ತಿಂಗಳಲ್ಲಿ ಹುಡುಗ ಏನು ಓದಬೇಕು ಎಂಬುದನ್ನು ಊರು ನಿರ್ಧರಿಸುತ್ತದೆ. ಹುಡುಗನನ್ನು ಕೇಳುವ ಪದ್ಧತಿ ಇರಲಿಲ್ಲ. ಕೇಳಿದ್ದರೂ ನಾನು ಹೇಳಲು ಏನೂ ಇಟ್ಟುಕೊಂಡಿರಲಿಲ್ಲ ಅನ್ನುವುದು ಬೇರೆ ಮಾತು.

ಬೆಂಗಳೂರಿನ ಮಾವ ಎದುರು ಮನೆಯ ಫೋನಿಗೆ ಎಸ್‌ಟಿಡಿ ಮಾಡಿ "ಕಂಪ್ಯೂಟರ್, ಕಂಪ್ಯೂಟರ್" ಎಂದು ಎರಡು ಸಲ ಹೇಳಿ ಇಟ್ಟ. ಒಂದು ಸಲ ಹೇಳಿದ್ದರೂ ಸಾಕಿತ್ತು, ಆದರೆ ಲೈನು ಸರಿಯಿರಲಿಲ್ಲ. ದೊಡ್ಡಪ್ಪನಿಗೆ ಕಾಮರ್ಸ್ ಮೇಲೆ ಒಲವು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು ಇಲ್ಲ ಎಂಬ ಒಂದೇ ಕಾರಣಕ್ಕೆ. ಪಕ್ಕದ ತೋಟದವರ ಪ್ರಕಾರ ಅಡಿಕೆಗೆ ಇಷ್ಟು ದರ ಇರುವಾಗ ಓದುವುದೇ ದಂಡ. ಅಜ್ಜಿಗಂತೂ ಕಾಂಬಿನೇಷನ್ನುಗಳೇ ತಲೆಗೆ ಹೋಗಲಿಲ್ಲ. ಪಿಸಿಎಂ ಅಂದರೆ ಅವಳಿಗೆ ಬಿಸಿಎಂ ಅಂತ ಕೇಳಿಸಿ, "ಮನೆ ಇದ್ದೂ ಮಗು ಹಾಸ್ಟೆಲ್ಲಿಗೆ ಯಾಕೆ ಹೋಗಬೇಕು?" ಎಂದು ಒಂದು ಹೊತ್ತು ಊಟ ಬಿಟ್ಟಳು. ಆರ್ಟ್ಸಿನ 'ಹೆಪ್ಸ್' ಕೇಳಿ ಅದು ಸೀನಿದ ಶಬ್ದ ಅಂದುಕೊಂಡು "ಚಿರಂಜೀವಿ" ಎಂದು ಹರಸಿದಳು.

ಕೊನೆಗೆ ಸೈನ್ಸ್ ಎಂದಾಯಿತು. ಗಣಿತದಲ್ಲಿ 91 ಬಂದವನಿಗೆ ಬೇರೆ ದಾರಿ ಇಲ್ಲವಂತೆ. ಆದರೆ ಸೈನ್ಸಿನ ಒಳಗೆ ಪಿಸಿಎಂಬಿಯೋ, ಪಿಸಿಎಂಇಯೋ? ಬಯಾಲಜಿ ತೆಗೆದುಕೊಂಡರೆ ಡಾಕ್ಟರ್ ಬಾಗಿಲೂ ಎಂಜಿನಿಯರ್ ಬಾಗಿಲೂ ತೆರೆದಿರುತ್ತವೆ, ಎಲೆಕ್ಟ್ರಾನಿಕ್ಸ್ ಆದರೆ ಒಂದೇ ಬಾಗಿಲು ಎಂದು ನಮ್ಮ ಹೆಡ್‌ಮಾಸ್ತರು ಹೇಳಿದ್ದರು. ನನಗೆ ಕಪ್ಪೆ ಕೊಯ್ಯುವ ಧೈರ್ಯವೂ ಇರಲಿಲ್ಲ, ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದ ದಾಖಲೆಯೂ ಇರಲಿಲ್ಲ. ಬಿಚ್ಚಿದ ದಾಖಲೆ ಮಾತ್ರ ಇತ್ತು.

ಅದನ್ನು ಆಮೇಲೆ ನೋಡೋಣ, ಮೊದಲು ಅರ್ಜಿ ತುಂಬು ಅಂದ ಅಪ್ಪಯ್ಯ. ಅರ್ಜಿಯ ಜೊತೆ ಅಂಕಪಟ್ಟಿಯ ಜೆರಾಕ್ಸ್, ಟಿ.ಸಿ.ಯ ಜೆರಾಕ್ಸ್, ಜಾತಿ-ಆದಾಯದ ಜೆರಾಕ್ಸ್, ಅಂಟಿಸಿದ ಫೋಟೋ. ಎಲ್ಲದರ ಮೇಲೂ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ, ಕೆಳಗೆ ಸೀಲು. ಈಗಿನ ಮಕ್ಕಳು ತಮ್ಮ ಕಾಗದಕ್ಕೆ ತಾವೇ ಸಹಿ ಮಾಡಿ 'ಸ್ವಯಂ ದೃಢೀಕರಣ' ಎಂದು ಕೊಟ್ಟುಬಿಡುತ್ತಾರೆ. ಆಗ ಹಾಗಿರಲಿಲ್ಲ. ನನ್ನ ಮುಖ ನನ್ನದೇ ಎಂದು ಸರ್ಕಾರದ ದೊಡ್ಡ ಮನುಷ್ಯರೊಬ್ಬರು ಒಪ್ಪಬೇಕಿತ್ತು. ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಹುದ್ದೆ ಖಾಲಿ. ತಹಶೀಲ್ದಾರರನ್ನು ನೋಡಲು ಹೋದರೆ ಒಂದು ದಿನದ ಕೂಲಿ ಹಾಳು. ನಮ್ಮ ಸುತ್ತಮುತ್ತ ಉಳಿದ ಏಕೈಕ ಗೆಜೆಟೆಡ್ ಅಧಿಕಾರಿ ಎಂದರೆ ದನಿನ ಡಾಕ್ಟ್ರು.

"ಅವರಲ್ಲಿಗೆ ಹೋಗಿ ಬರ್ತೇನೆ" ಅಂದೆ.

"ಯಾಕೆ ಸುಮ್ನೆ ಹೋಗೋದು? ಗೌರಿ ಇನ್ನು ನಾಲ್ಕು ದಿನಕ್ಕೆ ಬೆದೆಗೆ ಬರಬೇಕು. ಡಾಕ್ಟ್ರು ಹೇಗೂ ಬರ್ತಾರೆ. ನಿಂದೂ ಅದರ ಜೊತೇಲೇ ಆಗ್ಲಿ" ಅಂದ ಅಪ್ಪಯ್ಯ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದು ಪೆನ್ಸಿಲ್ ಗುರುತು ಹಾಕಿಕೊಂಡಿದ್ದ. ಅದೇ ಹಾಳೆಯಲ್ಲಿ, ಆ ಗುರುತಿನಿಂದ ಎರಡು ಮನೆ ಆಚೆ, ನನ್ನ ಅರ್ಜಿಯ ಕೊನೆಯ ದಿನ.

ಹೀಗೆ ನನ್ನ ಉನ್ನತ ವಿದ್ಯಾಭ್ಯಾಸ ಗೌರಿಯ ಬೆದೆಗೆ ಕಾದು ಕುಳಿತಿತು. ನಾಲ್ಕನೇ ದಿನ ಅವಳು ಕೂಗಲಿಲ್ಲ. ಶಾಂತವಾಗಿ ಮೆಲುಕು ಹಾಕಿದಳು. ನಾನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಕೊಟ್ಟಿಗೆಗೆ ಹೋಗಿ ಅವಳ ಮುಖ ನೋಡಿ ಬಂದೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಆತಂಕಪಟ್ಟಿರಲಿಲ್ಲ. ಐದನೇ ದಿನ ಬೆಳಗಿನ ಜಾವ ಅವಳು ಕೂಗಿದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವನು ನಾನು.

ಡಾಕ್ಟ್ರು ಹತ್ತು ಗಂಟೆಗೆ ಬೈಕಿನಲ್ಲಿ ಬಂದರು. ಹಿಂದೆ ಹಾಲಿನ ಕ್ಯಾನಿನಂಥ ಒಂದು ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ ಬಳಬಳನೆ ಕೆಳಕ್ಕೆ ಇಳಿಯುತ್ತಿತ್ತು. ನಾನು ಚಿಕ್ಕಂದಿನಿಂದ ನೋಡಿದ ಹೊಗೆಯೇ. ಅದೇನು ಅಂತ ಕೇಳಬೇಕು ಅನ್ನಿಸಿರಲಿಲ್ಲ. ಒಲೆಗೆ ಒಲೆಯ ಹೊಗೆ, ಡಾಕ್ಟ್ರಿಗೆ ಡಾಕ್ಟ್ರ ಹೊಗೆ. ಗೌರಿಯ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಡಾಕ್ಟ್ರು ಭುಜದವರೆಗಿನ ಕೈಗವಸು ಕಳಚಿ, ಅಮ್ಮ ತಂದ ಬಿಸಿನೀರಿನಲ್ಲಿ ಕೈ ತೊಳೆದು, "ಎಲ್ಲಿ, ಕೊಡು" ಅಂದರು. ಜಾನುವಾರು ವಿಮೆಯ ಕಾಗದಕ್ಕೆ ಬೇಕಾಗುತ್ತದೆಂದು ಸೀಲು ಯಾವಾಗಲೂ ಬ್ಯಾಗಿನಲ್ಲೇ ಇರುತ್ತಿತ್ತು. ಬರೆಯಲು ಸಮತಟ್ಟಾದ ಜಾಗ ಅಂತ ಇದ್ದದ್ದು ಅಕ್ಕಚ್ಚಿನ ಬಾನಿಯ ಪಕ್ಕದ ಕಲ್ಲು. ಅಲ್ಲೇ ಕಾಗದ ಹರಡಿ, ಒಂದೊಂದಕ್ಕೂ ಹಸಿರು ಸಹಿ ಹಾಕಿ, ಸೀಲಿಗೆ ಹಾ ಎಂದು ಉಸಿರು ಬಿಟ್ಟು ಒತ್ತಿದರು.

ಕೊನೆಯ ಕಾಗದ ಅಂಕಪಟ್ಟಿ. ಡಾಕ್ಟ್ರು ಸೀಲು ಎತ್ತುವುದಕ್ಕೂ ಗೌರಿ ಬಾಲ ಬೀಸುವುದಕ್ಕೂ ಸರಿಹೋಯಿತು. ಬಾಲದ ತುದಿಯಲ್ಲಿ ಏನಿತ್ತು ಅಂತ ಹೇಳಬೇಕಾಗಿಲ್ಲ. ಇಂಗ್ಲಿಷಿನ 61ರ ಮೇಲೆ ಸರಿಯಾಗಿ ಒಂದು ರೂಪಾಯಿ ನಾಣ್ಯದಗಲ ಬಿತ್ತು. ಅಮ್ಮ ಸೆರಗಿನಿಂದ ಒರೆಸಿದಳು. ನಾಣ್ಯದಗಲ ಇದ್ದದ್ದು ದೋಸೆಯಗಲ ಆಯಿತು.

"ಇರಲಿ ಬಿಡಿ, ಶುಭವೇ" ಅಂದಳು ಅಜ್ಜಿ.

ಮಾರನೇ ದಿನ ನಾನೂ ಅಪ್ಪಯ್ಯನೂ ಸಾಗರದ ಕಾಲೇಜಿನ ಕೌಂಟರಿನ ಮುಂದೆ ನಿಂತೆವು. ಕಾಗದಗಳನ್ನು ಅಮ್ಮ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ ಹಾಕಿ ಕೊಟ್ಟಿದ್ದಳು. ಗುಮಾಸ್ತರು ಒಂದೊಂದೇ ಹಾಳೆ ತಿರುವಿದರು. ಫೋಟೋ ನೋಡಿದರು, ಸೀಲು ಓದಿದರು, ಮತ್ತೆ ಫೋಟೋ ನೋಡಿದರು.

"ಪಶು ವೈದ್ಯಾಧಿಕಾರಿ ಅಂತಿದೆಯಲ್ರೀ?"

"ಗೆಜೆಟೆಡ್ಡೇ ಸ್ವಾಮಿ" ಅಂದ ಅಪ್ಪಯ್ಯ.

"ಅದು ಗೊತ್ತು. ಇಂಗ್ಲಿಷಿನ ಮಾರ್ಕ್ಸ್ ಏನು ಇದು, ಕಾಣಲ್ಲ. ವಾಸನೆ ಬೇರೆ."

"ಅರವತ್ತೊಂದು" ಅಂದೆ. ಅವರು ಅದನ್ನು ಪೆನ್ನಿನಲ್ಲಿ ಪಕ್ಕಕ್ಕೆ ಬರೆದುಕೊಂಡರು. ಎಪ್ಪತ್ತೊಂದು ಅನ್ನಬಹುದಿತ್ತಲ್ಲ ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಆಮೇಲೆ ಆ ಪ್ರಶ್ನೆ ಬಂತು. "ಕಾಂಬಿನೇಷನ್?" ತಿಂಗಳಿಡೀ ಚರ್ಚೆ ಮಾಡಿದ ಮೇಲೂ ಅರ್ಜಿಯಲ್ಲಿ ಆ ಜಾಗ ಖಾಲಿ ಇತ್ತು. ಹಿಂದೆ ನಿಂತವರು ದಬ್ಬುತ್ತಿದ್ದರು. ಅಪ್ಪಯ್ಯ ಕೌಂಟರಿನ ಕಿಂಡಿಯೊಳಗೆ ತಲೆ ಹಾಕಿ ಕೇಳಿದ ಪ್ರಶ್ನೆಯನ್ನು ನಾನು ಸಾಯುವ ತನಕ ಮರೆಯಲಾರೆ.

"ಸಂಜೆ ಯಾವುದು ಬೇಗ ಬಿಡತ್ತೆ?"

ಗುಮಾಸ್ತರಿಗೆ ಇಂಥ ಪ್ರಶ್ನೆ ಹೊಸದಲ್ಲ ಅಂತ ಕಾಣುತ್ತದೆ. "ಬಯಾಲಜಿ ಪ್ರಾಕ್ಟಿಕಲ್ ಇದ್ದ ದಿನ ಐದು ಗಂಟೆ. ಎಲೆಕ್ಟ್ರಾನಿಕ್ಸ್ ಆದ್ರೆ ಮೂರೂವರೆಗೆಲ್ಲ ಮುಗಿಯತ್ತೆ" ಅಂದರು. ನಮ್ಮೂರಿನ ಲಾಸ್ಟ್ ಬಸ್ಸು 4:45ಕ್ಕೆ. ಅಪ್ಪಯ್ಯ ನನ್ನ ಕಡೆ ತಿರುಗಿ, "ಪಿಸಿಎಂಇ ಬರಿ" ಅಂದ. ಬರೆದೆ. ಡಾಕ್ಟರ್ ಬಾಗಿಲು ಅಷ್ಟಕ್ಕೆ ಮುಚ್ಚಿತು.

ಕಾಲೇಜು ಶುರುವಾಗುವುದಕ್ಕೆ ಇನ್ನೂ ಮೂರು ವಾರ ಇತ್ತು. ಕನ್ನಡ ಮೀಡಿಯಮ್ಮಿನವನು ಇಂಗ್ಲಿಷಿನಲ್ಲಿ ಸೈನ್ಸ್ ಓದಬೇಕಲ್ಲ, ತಯಾರಿ ಮಾಡಿಕೋ ಎಂದು ದೊಡ್ಡಪ್ಪ ತಮ್ಮ ಹಳೇ ಇಂಗ್ಲಿಷ್-ಕನ್ನಡ ನಿಘಂಟು ಕೊಟ್ಟರು. ರಟ್ಟು ಹೋಗಿತ್ತು, ಒಳಗೆ ಗೆದ್ದಲು ಒಂದು ಸುರಂಗ ಕೊರೆದಿತ್ತು. ನಾನು ಸೀನಿಯರ್ ಒಬ್ಬನ ಕೆಮಿಸ್ಟ್ರಿ ಪುಸ್ತಕ ತಂದು, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಒಂದು ಕಡೆ ಇಂಗ್ಲಿಷ್, ಒಂದು ಕಡೆ ಕನ್ನಡ ಬರೆಯುತ್ತಾ ಹೋದೆ. ಸಾಗರಕ್ಕೆ ಹೋಗುವ ಮೊದಲೇ ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದುಬಿಡುವ ಉಮೇದು.

ತೊಂದರೆ ಏನೆಂದರೆ ಆ ನಿಘಂಟು ಸೈನ್ಸ್ ಓದಿರಲಿಲ್ಲ. 'ಬೇಸ್' ಅಂದರೆ ನೀಚ, ಅಡಿಪಾಯ ಎಂದಿತು. ಆಮ್ಲವೂ ನೀಚವೂ ಸೇರಿದರೆ ಉಪ್ಪು ಎಂದು ಬರೆದುಕೊಂಡೆ. 'ಮೋಲ್' ಅಂದರೆ ಮಚ್ಚೆ. ಒಂದು ಮಚ್ಚೆಯಲ್ಲಿ 6.022 × 10²³ ಕಣಗಳಿರುತ್ತವೆ ಎಂದು ಓದಿದ ದಿನ ಅಮ್ಮನ ಗಲ್ಲದ ಮಚ್ಚೆಯನ್ನು ತುಂಬ ಹೊತ್ತು ನೋಡಿದೆ. 'ಪವರ್' ಅಂದರೆ ಅಧಿಕಾರ. ಕೆಲಸವನ್ನು ಕಾಲದಿಂದ ಭಾಗಿಸಿದರೆ ಅಧಿಕಾರ ಸಿಗುತ್ತದೆ. ಇದೊಂದು ಮಾತ್ರ ತಹಶೀಲ್ದಾರ್ ಕಚೇರಿಯನ್ನು ನೋಡಿದ ಅಪ್ಪಯ್ಯನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ.

'ಸೊಲ್ಯೂಷನ್' ಅಂದರೆ ಪರಿಹಾರ. ಕಾಪರ್ ಸಲ್ಫೇಟ್ ಸೊಲ್ಯೂಷನ್ ಎಂಬುದನ್ನು 'ಮೈಲುತುತ್ತದ ಪರಿಹಾರ' ಎಂದು ಬರೆದೆ. ಅನುಮಾನವೇ ಬರಲಿಲ್ಲ. ನಮ್ಮ ತೋಟಕ್ಕೆ ಕೊಳೆ ರೋಗ ಬಂದಾಗ ಮೈಲುತುತ್ತವೇ ಪರಿಹಾರ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೆಮಿಸ್ಟ್ರಿಯವರಿಗೂ ಗೊತ್ತಾಗಿದೆ ಅಂದುಕೊಂಡೆ.

ಆ ನೋಟ್‌ಬುಕ್ಕಿನ ಜೊತೆ ಕಾಲೇಜಿಗೆ ಹೋದ ಮೊದಲ ವಾರ ಏನಾಯಿತು ಎಂದು ವಿವರಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು: ಆಕ್ಸಿಲರೇಷನ್ ಅಂದರೆ ಏನು ಎಂದು ಫಿಸಿಕ್ಸಿನವರು ಕೇಳಿದರು. ನನಗೆ ಗೊತ್ತಿತ್ತು. ಎದ್ದು ನಿಂತು ಎದೆಯುಬ್ಬಿಸಿ "ವೇಗೋತ್ಕರ್ಷ!" ಅಂದೆ. ಪೇಟೆಯ ಕಾನ್ವೆಂಟಿನಿಂದ ಬಂದ ಮುಂದಿನ ಬೆಂಚಿನವರು ಹಿಂದೆ ತಿರುಗಿ ನೋಡಿದರು, ನಾನು ಬೈದೆ ಅಂದುಕೊಂಡು. ಹಿಂದಿನ ಎರಡು ಬೆಂಚು, ಎಲ್ಲ ನಮ್ಮಂಥವರೇ, ಚಪ್ಪಾಳೆ ತಟ್ಟಿತು.

ಆಗಸ್ಟ್ ಹೊತ್ತಿಗೆ ಪ್ರಾಕ್ಟಿಕಲ್ ಶುರುವಾಯಿತು. ಬೆಳಗ್ಗೆ ಕೆಮಿಸ್ಟ್ರಿ ಕ್ಲಾಸಿನಲ್ಲಿ ಅನಿಲಗಳನ್ನು ದ್ರವ ಮಾಡುವುದರ ಬಗ್ಗೆ ಪಾಠ. ಲಿಕ್ವಿಡ್ ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ನೀವ್ಯಾರೂ ಅದನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ ಬಿಡಿ ಅಂದರು ಲೆಕ್ಚರರು. ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಧ್ಯಾಹ್ನ ಎಲೆಕ್ಟ್ರಾನಿಕ್ಸ್ ಲ್ಯಾಬ್. ಮೂವತ್ತೆಂಟು ಹುಡುಗರು, ಎರಡು ಮಲ್ಟಿಮೀಟರು. ಅದರಲ್ಲಿ ಒಂದರ ಮುಳ್ಳು ಏನು ಮಾಡಿದರೂ ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟೆ ಓದಿ, ಲೆಕ್ಕ ಹಾಕಿ, ಮೀಟರಿಟ್ಟು ತಾಳೆ ನೋಡಿ, ಬರೆದು, ಸಹಿ ಹಾಕಿಸಬೇಕು. ಹಾಜರಿ ಪುಸ್ತಕದ ಅಕಾರಾದಿಯಲ್ಲಿ ನನ್ನದು ಮೂವತ್ತೈದನೇ ಹೆಸರು. ನನ್ನ ಸರದಿ ಬಂದಾಗ ಮೂರೂವರೆ ಎಂದೋ ಕಳೆದು ಗೋಡೆಯ ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ಕಂದೋ ಕೆಂಪೋ ಗೊತ್ತಾಗದೆ ಏನೋ ಒಂದು ಬರೆದು ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಐದು ನಿಮಿಷ ತಡವಾಗಿ ಹೊರಟಿತ್ತು. ನಾನು ಆರು ನಿಮಿಷ ತಡವಾಗಿದ್ದೆ. ಕಿಟಕಿಯಲ್ಲಿ ನಮ್ಮೂರಿನವನೇ ಆದ ಪಿಸಿಎಂಬಿ ಗೆಳೆಯ ಆರಾಮಾಗಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದ. ಅವರಿಗೆ ಇನ್ನೂ ಬಯಾಲಜಿ ಲೆಕ್ಚರರೇ ಬಂದಿರಲಿಲ್ಲ, ದಿನಾ ಮೂರು ಗಂಟೆಗೇ ಬಿಡುತ್ತಿದ್ದರು. ನನ್ನನ್ನು ಕಂಡು ಕೈ ಬೀಸಿದ. ಮುಷ್ಟಿಯಲ್ಲಿದ್ದ ಸಿಪ್ಪೆ ಹಾರಿ ನನ್ನ ಕಾಲ ಬುಡಕ್ಕೆ ಬಿತ್ತು.

ಮಳೆ ಜೋರಾಯಿತು. ಯಾರ ಮನೆಗೆ ಹೋಗಿ ಮಲಗಲಿ ಎಂದು ಸಾಗರದಲ್ಲಿರುವ ನೆಂಟರನ್ನೆಲ್ಲ ಎಣಿಸುತ್ತಾ ನಿಂತಿದ್ದಾಗ ಪಕ್ಕದಲ್ಲಿ ಒಂದು ಬೈಕು ನಿಂತಿತು. ರೈನ್‌ಕೋಟಿನೊಳಗಿಂದ ದನಿನ ಡಾಕ್ಟ್ರು.

"ಬಸ್ಸು ಹೋಯ್ತೇನೋ? ಹತ್ತು. ಈ ಕ್ಯಾನು ತೊಡೆ ಮೇಲೆ ಇಟ್ಕೊ. ಈಗಷ್ಟೇ ತುಂಬಿಸ್ಕೊಂಡು ಬಂದಿದ್ದು, ಅಲ್ಲಾಡಿಸಬೇಡ."

ಊರಿನವರೆಗೆ 26 ಕಿಲೋಮೀಟರ್. ಪ್ರತಿ ಗುಂಡಿಗೂ ಕ್ಯಾನಿನ ಬಾಯಿಂದ ಆ ಬಿಳಿ ಹೊಗೆ ಎದ್ದು ನನ್ನ ಗಲ್ಲಕ್ಕೆ ತಾಗುತ್ತಿತ್ತು. ಎಂಟು ಕಿಲೋಮೀಟರ್ ಕಳೆದ ಮೇಲೆ ಜೀವಮಾನದಲ್ಲಿ ಮೊದಲ ಸಲ ಕೇಳಿದೆ, "ಸಾರ್, ಇದರೊಳಗೆ ಇರೋದು ಏನು?"

"ಲಿಕ್ವಿಡ್ ನೈಟ್ರೋಜನ್" ಅಂದರು ಡಾಕ್ಟ್ರು. "ವೀರ್ಯ ಕೆಡದ ಹಾಗೆ ಇಡೋಕೆ. ಮೈನಸ್ ನೂರಾ ತೊಂಬತ್ತಾರು. ಹುಷಾರು, ಕಾಲ ಮೇಲೆ ಚೆಲ್ಕೊಂಡೀಯ."

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಜಗಲಿಯಲ್ಲಿ ಲಾಟೀನು ಹಿಡಿದು ಎಲ್ಲರೂ ನಿಂತಿದ್ದರು. ನಾನು ಒದ್ದೆ ಬಟ್ಟೆಯಲ್ಲೇ ಒಂದೇ ಉಸಿರಿಗೆ ಶುರು ಮಾಡಿದೆ: ಕ್ಲಾಸಿನಲ್ಲಿ ಯಾರೂ ಕಂಡಿಲ್ಲ ಅಂದದ್ದು, ಅದು ನಮ್ಮ ಕೊಟ್ಟಿಗೆಗೇ ಬರುತ್ತಿದ್ದದ್ದು, ನೀರು ಗಟ್ಟಿಯಾಗುವುದು ಸೊನ್ನೆಯಲ್ಲಿ, ಇದು ಅದಕ್ಕಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ, ಅಂಥದ್ದನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ. ಗೌರೀದು ಗಬ್ಬ ನಿಂತಿದ್ಯಾ ನೋಡಕ್ಕೆ ಯಾವತ್ತು ಬರ್ತಾರಂತೆ?"

ಕೇಳಿರಲಿಲ್ಲ.

ಇಪ್ಪತ್ತಾರು ಕಿಲೋಮೀಟರು ಡಾಕ್ಟ್ರ ಬೆನ್ನಿಗೇ ಅಂಟಿಕೊಂಡು ಬಂದು ಅದೊಂದು ಮಾತು ಕೇಳದವನು ಸೈನ್ಸ್ ಓದಿ ಏನು ಮಾಡ್ತಾನೋ ಎಂದು ಗೊಣಗುತ್ತಾ ಅಜ್ಜಿ ಲಾಟೀನು ಎತ್ತಿಕೊಂಡು ಒಳಗೆ ಹೋದಳು. ನಾವು ಮೂವರೂ ಕತ್ತಲಲ್ಲಿ ನಿಂತೆವು.