ಸೂರ್ಯನಮಸ್ಕಾರ ಹಾಕಿದರೆ ಹೋಗುವ ಕಾಯಿಲೆಯಲ್ಲ ಇದು

ನಿನ್ನೆ ನಮ್ಮ ಕಾಲೇಜಿನಲ್ಲಿ ‘ಯುವಜನರ ಮಾನಸಿಕ ಆರೋಗ್ಯ’ ಅಂತ ಒಂದು ಕಾರ್ಯಕ್ರಮ. ದೊಡ್ಡ ಬ್ಯಾನರ್ ಇತ್ತು. ಗಿಡಕ್ಕೆ ನೀರು ಹಾಕಿ ಉದ್ಘಾಟನೆ ಆಯಿತು. ಸೆಲ್ಫಿ ತೆಗೆದುಕೊಳ್ಳಲು ಥರ್ಮಾಕೋಲಿನ ಚೌಕಟ್ಟೂ ಇತ್ತು. ಅತಿಥಿಗಳು ಯೂಟ್ಯೂಬಿನಲ್ಲಿ ಹೆಸರು ಮಾಡಿದ ಪ್ರೇರಣಾ ಭಾಷಣಕಾರರು. ಪಾಸಿಟಿವ್ ಥಿಂಕಿಂಗ್, ನೆಗೆಟಿವ್ ಥಿಂಕಿಂಗ್, ನಡುವೆ ಎಡಿಸನ್‌ನ ಬಲ್ಬು. (ಎಡಿಸನ್ ಬಾರದ ಪ್ರೇರಣಾ ಭಾಷಣವನ್ನು ನಾನಿನ್ನೂ ಕೇಳಿಲ್ಲ. ಆ ಮನುಷ್ಯನಿಗೆ ಕರ್ನಾಟಕದಲ್ಲಿ ಬಿಡುವೇ ಇಲ್ಲ.) ಅಲ್ಲಿಯವರೆಗೂ ಸುಮ್ಮನೆ ಆಕಳಿಸುತ್ತಾ ಕೂತಿದ್ದೆ.

ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. “ಸರ್, ನನ್ನ ಫ್ರೆಂಡ್ ಒಬ್ಬ ರಾತ್ರಿಯೆಲ್ಲ ನಿದ್ದೆನೇ ಮಾಡಲ್ಲ. ಫ್ಯಾನ್ ಒಳಗಿಂದ ಯಾರೋ ತನ್ನ ಬಗ್ಗೆ ಮಾತಾಡ್ತಿದಾರೆ ಅಂತಾನೆ. ಮೆಸ್ ಊಟಕ್ಕೆ ಏನೋ ಬೆರೆಸಿದಾರೆ ಅಂತ ಊಟಾನೂ ಬಿಟ್ಟಿದಾನೆ. ನಾವೇನು ಮಾಡ್ಬೇಕು ಸರ್?”

“ಮೊದಲು ಆ ಫ್ಯಾನ್ ಆಫ್ ಮಾಡಪ್ಪಾ” ಅಂದರು ಅತಿಥಿಗಳು. ಹಾಲ್ ತುಂಬಾ ನಗು. ವೇದಿಕೆ ಮೇಲಿದ್ದ ನಮ್ಮವರೂ ನಕ್ಕರು. ಆಮೇಲೆ ಗಂಭೀರವಾಗಿ, “ಮೊಬೈಲ್ ಕಡಿಮೆ ಮಾಡಕ್ಕೆ ಹೇಳು, ಬೆಳಗ್ಗೆ ಐದಕ್ಕೆ ಎದ್ದು ಹತ್ತು ಸೂರ್ಯನಮಸ್ಕಾರ ಹಾಕ್ಸು, ಒಂದು ತಿಂಗಳಲ್ಲಿ ಹುಡುಗ ಹುಲಿ ಆಗ್ತಾನೆ.” ಚಪ್ಪಾಳೆ. ಕೇಳಿದ ಹುಡುಗ ಕೂತುಬಿಟ್ಟ.

ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ತಮ್ಮನ ವಿಷಯ ಇಲ್ಲಿನ ಹಳಬರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟೇ: ಡಿಪ್ಲೊಮಾ ಓದುವಾಗ ಅವನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ, ಇಲ್ಲದ ಅನುಮಾನ ಕಾಡುವ ತೀವ್ರ ಮಾನಸಿಕ ಕಾಯಿಲೆ) ಶುರುವಾಯಿತು. ಮೊದಲು ಕ್ಲಾಸ್ ತಪ್ಪಿಸಿದ, ಆಮೇಲೆ ಸ್ನಾನ ಬಿಟ್ಟ, ಆಮೇಲೆ ಕಿಟಕಿಗೆ ಪೇಪರ್ ಅಂಟಿಸಿಕೊಂಡ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡು ವರ್ಷದ ಮೇಲಾಗಿತ್ತು. ಆ ಎರಡು ವರ್ಷದಲ್ಲಿ ಅಂಜನ ಹಾಕಿಸಿದ್ದಾಯಿತು, ಚೌಡಿಗೆ ಹರಕೆ ಹೊತ್ತಿದ್ದಾಯಿತು, “ಓದಿ ಓದಿ ತಲೆಗೆ ಹತ್ತಿದೆ” ಅಂತ ಕಾಲೇಜು ಬಿಡಿಸಿದ್ದಾಯಿತು, “ಒಂದು ಹೆಣ್ಣು ನೋಡಿಬಿಡಿ” ಅನ್ನುವವರೆಗೂ ಬಂದಿತ್ತು. ನಮ್ಮಪ್ಪ ತೋಟದಲ್ಲಿ ಕೊಳೆ ರೋಗದ ಮೊದಲ ಕಾಯಿ ಬಿದ್ದರೆ ಅವತ್ತೇ ಮದ್ದು ಹೊಡೆಯುವವರನ್ನು ಹುಡುಕಿಕೊಂಡು ಓಡುತ್ತಿದ್ದವರು. ಮಗನ ವಿಷಯದಲ್ಲಿ ಮಾತ್ರ “ನೋಡನ ತಡಿ.” ಇದನ್ನೆಲ್ಲ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ ಅಕ್ಕ, ಫೋಟೋ ಮಾತ್ರ ಹಾಕ್ಬೇಡ” ಅಂದ. ಈಗ ಮಾತ್ರೆ ತಗೊಂಡು, ತೋಟ ನೋಡಿಕೊಂಡು, ಊರವರ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡು ಇದ್ದಾನೆ. ಡಿಪ್ಲೊಮಾ ಮುಗಿಯಲೇ ಇಲ್ಲ.

ನನ್ನ ಸಿಟ್ಟು ಆ ಭಾಷಣಕಾರರ ಮೇಲೆ ಅಂದುಕೊಳ್ಳಬೇಡಿ. ಅವರು ಅವರ ಸಾಮಾನು ಮಾರಿ ಹೋದರು. ಸಿಟ್ಟು ಇರುವುದು ಆ ಹುಡುಗನ ಪ್ರಶ್ನೆ ಬಿದ್ದುಹೋದ ರೀತಿಯ ಮೇಲೆ. ಹತ್ತೊಂಬತ್ತು ವರ್ಷದ ಹುಡುಗ, ಮನಶ್ಶಾಸ್ತ್ರ ಓದಿದವನಲ್ಲ. ನಿದ್ದೆ ಹೋಗಿದೆ, ಇಲ್ಲದ ದನಿ ಕೇಳುತ್ತಿದೆ, ಊಟದಲ್ಲಿ ವಿಷದ ಅನುಮಾನ ಬಂದಿದೆ ಅಂತ ಮೂರೂ ಲಕ್ಷಣ ಸರಿಯಾಗಿ ಎಣಿಸಿ ಮೈಕಿನಲ್ಲಿ ಹೇಳಿದ. ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬುವ ಇಂಥ ಸ್ಥಿತಿಗೆ ಸೈಕೋಸಿಸ್ ಅನ್ನುತ್ತಾರೆ. ಅದರ ‘ಆರಂಭದ ಪತ್ತೆ’ ಅಂತ ಪುಸ್ತಕದಲ್ಲಿ ಬರೆಯುತ್ತಾರಲ್ಲ, ಆ ಪತ್ತೆಯ ಕೆಲಸ ಮುಗಿದೇ ಹೋಗಿತ್ತು. ಕೇಳಿಸಿಕೊಳ್ಳುವ ದೊಡ್ಡವರು ಒಬ್ಬರು ಬೇಕಿತ್ತು. ಇನ್ನೂರು ಜನರಿದ್ದ ಹಾಲಿನಲ್ಲಿ ನಗುವವರು ಸಿಕ್ಕರು.

ಈ ಕಾಯಿಲೆ ಬರುವ ವಯಸ್ಸೇ ಇದು. ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಆಸುಪಾಸು, ಅಂದರೆ ಪಿಯುಸಿ, ಡಿಗ್ರಿ, ಮೊದಲ ಕೆಲಸ. ನೂರರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯಾವುದೋ ಒಂದು ಬಗೆಯ ಸೈಕೋಸಿಸ್ ಬರುತ್ತದೆ. ಎಲ್ಲವೂ ಸ್ಕಿಜೋಫ್ರೇನಿಯಾ ಆಗಿರಬೇಕಾಗಿಲ್ಲ. ಗಾಂಜಾದಿಂದ ಬರಬಹುದು, ಮನಸ್ಸು ವಿಪರೀತ ಉಬ್ಬಿ ಕುಗ್ಗುವ ಬೈಪೋಲಾರ್ ಕಾಯಿಲೆಯಲ್ಲಿ ಬರಬಹುದು, ಮೆದುಳಿನ ಉರಿಯೂತದಿಂದಲೂ ಬರಬಹುದು. ಯಾವುದು ಅಂತ ಹೇಳಬೇಕಾದವರು ಡಾಕ್ಟರು. ನಾವು ಮಾಡಬೇಕಾದದ್ದು ಅವರ ತನಕ ತಲುಪಿಸುವುದು. ನಮ್ಮ ಕಾಲೇಜಿನ ಬ್ಯಾನರಿನಲ್ಲಿ ಒತ್ತಡ ಇತ್ತು, ಖಿನ್ನತೆ ಇತ್ತು, ‘ಎಕ್ಸಾಮ್ ಫಿಯರ್’ ಇತ್ತು. ಸೈಕೋಸಿಸ್ ಇರಲಿಲ್ಲ. ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುವುದು ಕಷ್ಟ ನೋಡಿ.

ನಾರ್ವೆಯವರು ಮಾಡಿದ್ದನ್ನು ಓದಿದಾಗ ನನಗೆ ನಿಜವಾಗಿ ಹೊಟ್ಟೆ ಉರಿದಿತ್ತು. 1997ರಲ್ಲಿ ಅಲ್ಲಿನ ರೋಗಾಲ್ಯಾಂಡ್ ಅನ್ನುವ ಪ್ರಾಂತ್ಯದಲ್ಲಿ ಸೈಕೋಸಿಸ್ ಅನ್ನು ಬೇಗ ಪತ್ತೆ ಹಚ್ಚುವ ಕೆಲಸ ಶುರು ಮಾಡಿದರು. ಪತ್ರಿಕೆ, ರೇಡಿಯೋ, ಸಿನಿಮಾ ಮಂದಿರಗಳಲ್ಲಿ ಜಾಹೀರಾತು, ಮನೆಮನೆಗೆ ಕರಪತ್ರ, ಶಾಲೆಯ ಶಿಕ್ಷಕರಿಗೆ, ಊರಿನ ಡಾಕ್ಟರುಗಳಿಗೆ ತರಬೇತಿ. ಇಷ್ಟಕ್ಕೇ ಬಿಟ್ಟಿದ್ದರೆ ಅದೂ ನಮ್ಮ ಬ್ಯಾನರೇ ಆಗುತ್ತಿತ್ತು. ಜೊತೆಗೆ ಒಂದು ಪತ್ತೆ ತಂಡ ಇಟ್ಟರು. ಮನೆಯವರು, ಮೇಷ್ಟ್ರು, ಸ್ನೇಹಿತರು, ಯಾರು ಬೇಕಾದರೂ ಅವರಿಗೆ ಫೋನ್ ಮಾಡಬಹುದು. ಇಪ್ಪತ್ನಾಲ್ಕು ಗಂಟೆಯೊಳಗೆ ಅವರು ಹುಡುಗನನ್ನು ನೋಡುವ ವ್ಯವಸ್ಥೆ. ಕಾಯಿಲೆ ಶುರುವಾಗಿ ಚಿಕಿತ್ಸೆ ಸಿಗುವವರೆಗಿನ ಅವಧಿ, ಮಧ್ಯಾಂಕದ ಲೆಕ್ಕದಲ್ಲಿ (ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು), ಅಲ್ಲಿ 5 ವಾರಕ್ಕೆ ಇಳಿಯಿತು. ಈ ಏರ್ಪಾಡು ಇಲ್ಲದ ಕಡೆ 16 ವಾರ. ಹತ್ತು ವರ್ಷದ ನಂತರ ನೋಡಿದರೆ ಮೊದಲ ಗುಂಪಿನಲ್ಲಿ ಸುಮಾರು 31 ಪ್ರತಿಶತ ಜನ ಚೇತರಿಸಿಕೊಂಡು ತಮ್ಮ ಬದುಕು ತಾವು ನಡೆಸುತ್ತಿದ್ದರು. ಇನ್ನೊಂದು ಗುಂಪಿನಲ್ಲಿ 15.

ನನಗೆ ತಟ್ಟಿದ್ದು ಇದರ ಮುಂದಿನ ಭಾಗ. ಜಾಹೀರಾತು, ಪ್ರಚಾರ ನಿಲ್ಲಿಸಿದರು. ಪತ್ತೆ ತಂಡ ಇದ್ದೇ ಇತ್ತು, ಆದರೂ ಆ 5 ವಾರ ಮತ್ತೆ 15 ವಾರಕ್ಕೆ ಏರಿತು. ನಾರ್ವೆಯಂಥ ನಾರ್ವೆಯಲ್ಲಿ! ಹೇಳುವುದನ್ನು ನಿಲ್ಲಿಸಿದ ಕೂಡಲೇ ಜನ ಮರೆತರು. ನಾವು ವರ್ಷಕ್ಕೊಮ್ಮೆ ಗಿಡಕ್ಕೆ ನೀರು ಹಾಕಿ ಶಾಲು ಹೊದೆಸಿ ಕಳಿಸುವವರು.

ಗೊತ್ತು, ಈಗ ಕಮೆಂಟಿನಲ್ಲಿ ಬರುತ್ತೀರಿ: “ಮೇಡಂ, ನಾರ್ವೆ ಬೇರೆ, ನಾವು ಬೇರೆ.” ಹೌದಾ? ನಿಮ್ಹಾನ್ಸ್‌ನವರು ಎಷ್ಟೋ ವರ್ಷದಿಂದ ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ಹಿಂಬಾಲಿಸಿ ನೋಡಿದ್ದಾರೆ. ಮಳೆ, ಗುಡ್ಡ, ಬಸ್ಸಿಲ್ಲದ ಊರು, ಎಲ್ಲ ಇದ್ದೂ. ಔಷಧಿ ತೆಗೆದುಕೊಂಡವರ ದೈನಂದಿನ ಬದುಕಿನ ತೊಡಕು ಕಡಿಮೆಯಾಯಿತು, ತೆಗೆದುಕೊಳ್ಳದವರದ್ದು ಇದ್ದಲ್ಲೇ ಇತ್ತು. ಇದು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಅಚ್ಚಾಗಿದೆ. ನಮ್ಮ ತಾಲ್ಲೂಕಿನ ಹೆಸರು ಲಂಡನ್ನಿನ ಡಾಕ್ಟರಿಗೆ ಗೊತ್ತು, ನಮ್ಮ ವೇದಿಕೆಗೆ ಗೊತ್ತಿಲ್ಲ. ಸ್ಕಿಜೋಫ್ರೇನಿಯಾ ಕುರಿತೇ ಕೆಲಸ ಮಾಡುವ ಚೆನ್ನೈನ ಸ್ಕಾರ್ಫ್ ಸಂಸ್ಥೆ ಕೆನಡಾದ ಮಾಂಟ್ರಿಯಲ್‌ನವರ ಜೊತೆ ಸೇರಿ, ಮೊದಲ ಸಲ ಸೈಕೋಸಿಸ್ ಬಂದ ಹುಡುಗ ಹುಡುಗಿಯರಿಗೆ ಎರಡೂ ಕಡೆ ಒಂದೇ ಥರದ ಚಿಕಿತ್ಸೆ ಕೊಟ್ಟು ಹೋಲಿಸಿತ್ತು. ಮಂಕು ಕವಿಯುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅಂಥ ಲಕ್ಷಣಗಳಲ್ಲಿ ಚೆನ್ನೈನವರೇ ಹೆಚ್ಚು ಸುಧಾರಿಸಿದರು. ಮನೆಯವರು ಜೊತೆಯಲ್ಲಿ ನಿಲ್ಲುವುದು ಅದಕ್ಕೊಂದು ಕಾರಣ. ಅಮೆರಿಕದಲ್ಲೋ, ಒಂದು ದೊಡ್ಡ ಅಧ್ಯಯನಕ್ಕೆ ಸೇರಿದ ಯುವಕರು ಅಲ್ಲಿಯವರೆಗೆ ಚಿಕಿತ್ಸೆಯಿಲ್ಲದೆ ಕಳೆದ ಕಾಲ 74 ವಾರ, ಅದೂ ಮಧ್ಯಾಂಕ. ಹಾಗಾಗಿ ಶ್ರೀಮಂತಿಕೆಯ ಕತೆ ನನಗೆ ಹೇಳಬೇಡಿ.

ಇನ್ನೊಂದು ವಾದಕ್ಕೆ ಸ್ವಲ್ಪ ಮರ್ಯಾದೆ ಕೊಡುತ್ತೇನೆ. “ಈ ವಯಸ್ಸಲ್ಲಿ ಎಲ್ಲಾ ಮಕ್ಕಳೂ ರೂಮ್ ಬಾಗಿಲು ಹಾಕಿಕೊಳ್ಳುತ್ತವೆ, ಎಲ್ಲರಿಗೂ ಹಣೆಪಟ್ಟಿ ಹಚ್ಚಿ ಮಾತ್ರೆ ನುಂಗಿಸ್ತೀರಾ?” ಇಲ್ಲ. ಅಪಾಯದ ಅಂಚಿನಲ್ಲಿದ್ದಾರೆ ಅಂತ ತಜ್ಞರೇ ಗುರುತಿಸಿದವರಲ್ಲೂ ಮೂರು ವರ್ಷದಲ್ಲಿ ಪೂರ್ಣ ಸೈಕೋಸಿಸ್‌ಗೆ ಹೋಗುವವರು ನಾಲ್ಕರಲ್ಲಿ ಒಬ್ಬರಷ್ಟೇ. ಅದಕ್ಕೇ ಇಂಗ್ಲೆಂಡಿನ ಮಾರ್ಗಸೂಚಿ ಅಂಥವರಿಗೆ ಸೈಕೋಸಿಸ್‌ನ ಮಾತ್ರೆ ಕೊಡಬೇಡಿ, ಮಾತಿನ ಚಿಕಿತ್ಸೆ ಕೊಡಿ ಅನ್ನುತ್ತದೆ. ಸರಿಯಾದ ಮಾತು. ಆದರೆ ಸ್ವಾಮಿ, ನಿನ್ನೆಯ ಪ್ರಶ್ನೆ ಬಾಗಿಲು ಹಾಕಿಕೊಂಡವನ ಬಗ್ಗೆ ಆಗಿರಲಿಲ್ಲ. ಫ್ಯಾನ್ ಮಾತಾಡುತ್ತಿದೆ ಅನ್ನುವವನ ಬಗ್ಗೆ ಆಗಿತ್ತು. ಹಣೆಪಟ್ಟಿಯ ಭಯವನ್ನು ನಾವು ಯಾವಾಗಲೂ ಕಾಯಿಲೆ ಎದುರಿಗೆ ನಿಂತು ಕೈಬೀಸುತ್ತಿರುವಾಗಲೇ ನೆನಪಿಸಿಕೊಳ್ಳುತ್ತೇವೆ. ಮಾತ್ರೆಯಿಂದ ತೊಂದರೆ ಇಲ್ಲ ಅಂತಲೂ ನಾನು ಹೇಳಲ್ಲ. ನಮ್ಮ ತಮ್ಮ ದಪ್ಪಗಾದ, ಮೊದಮೊದಲು ಹಗಲೆಲ್ಲ ಮಲಗುತ್ತಿದ್ದ, ಡಾಕ್ಟರು ಔಷಧಿ ಬದಲಿಸಿ, ಪ್ರಮಾಣ ಹೊಂದಿಸಿ ಹದಕ್ಕೆ ತಂದರು. ಮೊದಲ ಸಲ ಬಂದಾಗಲೇ ಹಿಡಿದರೆ ಕಡಿಮೆ ಪ್ರಮಾಣದಲ್ಲೇ ಹತೋಟಿಗೆ ಬರುವುದು ಹೆಚ್ಚು. ತಡವಾದಷ್ಟೂ ಮಾತ್ರೆಯ ಕೆಲಸ ಕಷ್ಟ.

ದೇವಸ್ಥಾನಕ್ಕೆ ಹೋಗಬೇಡಿ ಅಂತಲೂ ಅನ್ನುತ್ತಿಲ್ಲ. ನಮ್ಮಮ್ಮ ಇವತ್ತಿಗೂ ಹೋಗುತ್ತಾರೆ, ಪ್ರಸಾದ ತರುತ್ತಾರೆ, ಆ ಪ್ರಸಾದದ ಪಕ್ಕದಲ್ಲೇ ಅವನ ಮಾತ್ರೆ ಡಬ್ಬಿ ಇರುತ್ತದೆ. ಹೊಡೆದು ಬಡಿದು ದೆವ್ವ ಬಿಡಿಸುವವರ ಹತ್ತಿರ ಮಾತ್ರ ಹೋಗಬೇಡಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ಕಾಯಿಲೆಯವರನ್ನು ವಾಸಿಯಾಗಲೆಂದು ತಂದು ಬಿಡುತ್ತಿದ್ದ ದರ್ಗಾದ ಊರಿನಲ್ಲಿ, ಸರಪಳಿಯಲ್ಲಿ ಕಟ್ಟಿದ್ದ 28 ಜನ ಬೆಂಕಿಯಲ್ಲಿ ಎದ್ದು ಓಡಲಾಗದೆ ಸತ್ತರು. ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ವ್ಯವಸ್ಥೆಯೇ ಇಲ್ಲ ಅಂತ ಗೊಣಗುವವರಿಗೂ ಒಂದು ಮಾತು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ‘ಮನೋಚೈತನ್ಯ’ ಅಂತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. 2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಸಾಲದು ಅನ್ನಿ, ಒಪ್ಪುತ್ತೇನೆ. ನಿಮ್ಹಾನ್ಸ್‌ನವರ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯ ಹೊರಗೇ ಇದ್ದರು. ಆದರೆ ಇರುವುದನ್ನಾದರೂ ಆ ಹುಡುಗನಿಗೆ ಹೇಳಬಹುದಿತ್ತಲ್ಲ? ಐದಂಕಿಯ ಒಂದು ನಂಬರು. ಎಡಿಸನ್‌ಗಿಂತ ಚಿಕ್ಕದು.

ಮತ್ತೆ ನಮ್ಮ ಕಾಲೇಜಿನ ಬುದ್ಧಿವಂತಿಕೆ ನೋಡಿ. ಹಾಜರಾತಿ ಶೇ 75 ಆಗದವರ ಪಟ್ಟಿ ಪ್ರತಿ ಸೆಮಿಸ್ಟರಿಗೆ ನೋಟಿಸ್ ಬೋರ್ಡಿಗೆ ಬರುತ್ತದೆ. ಚೆನ್ನಾಗಿ ಓದುತ್ತಿದ್ದವರು ಇದ್ದಕ್ಕಿದ್ದ ಹಾಗೆ ಆ ಪಟ್ಟಿಯಲ್ಲಿ ಕಾಣಿಸಿಕೊಂಡರೆ ನಾವು ಕೊಡುವುದು ದಂಡದ ರಶೀದಿ. ತಮ್ಮನ ಹೆಸರೂ ಅಂಥದೇ ಒಂದು ಪಟ್ಟಿಯಲ್ಲಿತ್ತು. ಆಗ ಯಾರಾದರೂ ಮನೆಗೆ ಒಂದು ಫೋನ್ ಮಾಡಿ “ಹುಡುಗ ಹೇಗಿದಾನೆ” ಅಂತ ಕೇಳಿದ್ದರೆ ಅಂತ ನಾನು ಈಗಲೂ ಯೋಚಿಸುತ್ತೇನೆ. ಅದನ್ನು ಯೋಚಿಸಿ ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ.

ನಿನ್ನೆಯ ಹುಡುಗನನ್ನು ಕಾರ್ಯಕ್ರಮ ಮುಗಿದ ಮೇಲೆ ಹುಡುಕಿ ಮಾತಾಡಿಸಿದೆ. ಅವನ ಸ್ನೇಹಿತನ ಮನೆಯವರಿಗೆ ಸುದ್ದಿ ಹೋಗಿದೆ, ಆಗಬೇಕಾದ್ದು ಆಗುತ್ತಿದೆ. ಇದಕ್ಕಿಂತ ಹೆಚ್ಚು ಬರೆಯಲ್ಲ, ಇನ್‌ಬಾಕ್ಸಿನಲ್ಲಿ “ಯಾರು ಮೇಡಂ ಅದು” ಅಂತ ಕೇಳಬೇಡಿ, ಬ್ಲಾಕ್ ಮಾಡುತ್ತೇನೆ.

ಪ್ರಾಂಶುಪಾಲರಿಗೆ ಇವತ್ತು ಬೆಳಗ್ಗೆ ಒಂದು ಮನವಿ ಕೊಟ್ಟಿದ್ದೇನೆ. ಮುಂದಿನ ಸಲ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಯಾವುದೂ ಬೇಡ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡದವರನ್ನು ಅರ್ಧ ದಿನ ಕರೆಸೋಣ. ಎದುರಿಗೆ ಹಾಸ್ಟೆಲ್ ವಾರ್ಡನ್, ಕ್ಲಾಸ್ ಪ್ರತಿನಿಧಿಗಳು, ಲೈಬ್ರರಿಯ ಅಟೆಂಡರ್ ಮತ್ತು ಮೆಸ್ಸಿನ ಅಡುಗೆಯವರು ಕೂರಲಿ. ಯಾರು ಊಟ ಬಿಟ್ಟರು ಅನ್ನುವುದು ನಮಗೆಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ.

ಪ್ರಾಂಶುಪಾಲರು ಓದಿ, ಕನ್ನಡಕ ತೆಗೆದು, “ಎಲ್ಲ ಸರಿ ಮೇಡಂ, ಅಡುಗೆಯವರನ್ನ ಇಲ್ಲಿ ಕೂರಿಸಿದ್ರೆ ಮಧ್ಯಾಹ್ನದ ಅಡುಗೆ ಯಾರು ಮಾಡ್ತಾರೆ?” ಅಂತ ಕೇಳಿದರು.

ಚಿತ್ರಾನ್ನ ಮಾಡಿಟ್ಟು ಬರಲಿ ಸರ್ ಅಂದೆ.